ರಹೀಮ್ ಸಾಹೇಬರು ಮೊದಲು ಮಾಸ್ತರು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ದೇಶದ ಫುಟ್‌ಬಾಲ್ ತಂಡ ನಡೆಸುವ ಮ್ಯಾನೇಜರ್‌ಗಳಿಂದ ಆಫೀಸಿನವರು ಕಲಿಯಬೇಕಾದ ಪಾಠಗಳು ಅಂತ ಒಂದು ಪುಟದ ಬರಹ ಹಾಕಿದ್ದಿರಿ. ನನ್ನ ಸೊಸೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಟೀಮ್ ಲೀಡ್. ಅವಳೇ ಅದರ ಫೋಟೊ ತೆಗೆದು ವಾಟ್ಸಾಪ್ ಮಾಡಿದಳು. ಕೆಳಗೆ ‘ಮಾಮಾ, ನಿಮ್ಮ ಸಬ್ಜೆಕ್ಟು’ ಅಂತ ಬರೆದಿದ್ದಳು. ಕನ್ನಡಕ ಹಾಕಿಕೊಂಡು, ಅಕ್ಷರ ದೊಡ್ಡದು ಮಾಡಿಕೊಂಡು ಎರಡು ಸಲ ಓದಿದೆ.

ಬರಹ ಚೆನ್ನಾಗಿದೆ. ಅದರಲ್ಲಿ ಬಂದವರೆಲ್ಲ ದೊಡ್ಡವರೇ, ತಕರಾರಿಲ್ಲ. ಆದರೆ ಎಲ್ಲರೂ ಹೊರದೇಶದವರು. ನಮ್ಮ ದೇಶದ ತಂಡವನ್ನು 1950ರಿಂದ ಸಾಯುವವರೆಗೂ ನಡೆಸಿದ ಒಬ್ಬರಿದ್ದರು. ಆಗ ಕೋಚ್ ಅಂದರೂ ಅವರೇ, ಮ್ಯಾನೇಜರ್ ಅಂದರೂ ಅವರೇ. ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಫುಟ್‌ಬಾಲ್‌ಗೆ ಚಿನ್ನ ಗೆದ್ದಿದ್ದು ಎರಡೇ ಸಲ, ಎರಡೂ ಅವರ ಕಾಲದಲ್ಲೇ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಗೊತ್ತು. ಎಲ್ಲಿ ಬೇಕಾದರೂ ಕತ್ತರಿಸಿ, ಜರ್ನೈಲ್ ಸಿಂಗ್ ಕತೆಗೆ ಮಾತ್ರ ಕತ್ತರಿ ಹಾಕಬೇಡಿ.

ರಾಯಚೂರಿನ ಕಡೆಯವನಿಗೆ ಹೈದರಾಬಾದಿನವರ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ ಬೆಂಗಳೂರು, ಮೈಸೂರಿನ ಓದುಗರು ಕೇಳಬಹುದು. 1956ರ ನವೆಂಬರ್‌ವರೆಗೆ ನಾವೂ ಹೈದರಾಬಾದ್ ರಾಜ್ಯದವರೇ ಅಲ್ವಾ? ನಮ್ಮಪ್ಪನ ಕಾಲದವರಿಗೆ ಪಟ್ಟಣ ಅಂದರೆ ಹೈದರಾಬಾದು. ಓದಬೇಕಾದರೂ ಅಲ್ಲಿಗೆ, ನೌಕರಿಗೂ ಅಲ್ಲಿಗೆ, ಕಣ್ಣಿನ ಆಪರೇಷನ್‌ಗೂ ಅಲ್ಲಿಗೆ. ಅಪ್ಪ 1951ರಿಂದ ನಾಲ್ಕು ವರ್ಷ ಅಲ್ಲಿ ಸಂಬಂಧಿಕರ ಮನೆಯಲ್ಲಿದ್ದುಕೊಂಡು ಓದಿದರು. ಓದಿದ್ದು ಎಷ್ಟೋ, ಫತೇ ಮೈದಾನದಲ್ಲಿ ಆಟ ನೋಡಿದ್ದು ಜಾಸ್ತಿ. ರಹೀಮ್ ಸಾಹೇಬರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕಾಲ ಅದು. ಮುಂಬೈಗೆ ಹೋಗಿ 1950ರಿಂದ 1954ರವರೆಗೆ ಸಾಲಾಗಿ ಐದು ವರ್ಷ ರೋವರ್ಸ್ ಕಪ್ ಗೆದ್ದ ತಂಡ. ಅಪ್ಪ ಐದೂ ವರ್ಷವನ್ನು ಬೆರಳು ಮಡಚಿ ಎಣಿಸಿ ತೋರಿಸುತ್ತಿದ್ದರು. ಅವರ ಮಾತು ನನಗೆ ಇನ್ನೂ ನೆನಪಿದೆ: ‘ಪೊಲೀಸ್ ಟೀಮಿನವ್ರು ಬಾಲು ಕಾಲಿಗೆ ಸುಡ್ತದೇನೋ ಅನ್ನಂಗ ಬಿಡ್ತಿದ್ರು. ಯಾರ ಹತ್ರನೂ ನಿಲ್ತಿರ್ಲಿಲ್ಲ ಅದು.’

ಬಾಲು ಯಾರ ಹತ್ತಿರವೂ ಯಾಕೆ ನಿಲ್ಲುತ್ತಿರಲಿಲ್ಲ ಅನ್ನುವುದು ನನಗೆ ತಿಳಿದಿದ್ದು ಬಹಳ ತಡವಾಗಿ, ದೈಹಿಕ ಶಿಕ್ಷಣದ ಮಾಸ್ತರಾಗಲು ಸಿ.ಪಿ.ಎಡ್. ಓದುವಾಗ.

ರಹೀಮ್ ಸಾಹೇಬರು ಮೊದಲು ಮಾಸ್ತರು. ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟದ ಕೆಲಸ ವಹಿಸಿಕೊಂಡರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಅಸೋಸಿಯೇಷನ್‌ನ ಕಾರ್ಯದರ್ಶಿಯಾದರು. ಅಲ್ಲಿದ್ದಾಗ ಅವರು ಹುಡುಗರಿಗೆ ವಿಚಿತ್ರವಾದ ಟೂರ್ನಮೆಂಟ್‌ಗಳನ್ನು ಮಾಡಿಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ. ಬಾಲನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ದಾಟಿಕೊಂಡು ಹೋಗುವ ಶೋಕಿ ಇಲ್ಲ, ಬಂತು ಅಂದರೆ ಇನ್ನೊಬ್ಬನಿಗೆ ಕೊಡಬೇಕು. ಇನ್ನೊಂದರಲ್ಲಿ ರೂಢಿ ಇಲ್ಲದ ಕಾಲಲ್ಲೇ ಆಡಬೇಕು. ಬಲಗಾಲಿನವನು ಎಡಗಾಲಲ್ಲಿ ಒದೆಯಬೇಕು.

ಇದು ಅಪ್ಪಟ ಮಾಸ್ತರಿಕೆ. ನಿಮ್ಮ ಬರಹದಲ್ಲಿ ‘ತಂಡದಲ್ಲಿ ಸಹಕಾರದ ಮನೋಭಾವ ಬೆಳೆಸಿ’ ಅಂತ ಇತ್ತು. ಹೇಗೆ ಬೆಳೆಸೋದು? ‘ಹಂಚಿಕೊಂಡು ಆಡ್ರೋ’ ಅಂತ ನಾನು ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಹದಿಮೂರು ವರ್ಷದ ಹುಡುಗನಿಗೆ ಅದು ಕಿವಿಗೇ ಬೀಳುವುದಿಲ್ಲ. ಆಟದ ನಿಯಮವನ್ನೇ ಬದಲಾಯಿಸಿದರೆ, ಹಂಚಿಕೊಳ್ಳದೆ ಅವನಿಗೆ ಬೇರೆ ದಾರಿಯೇ ಇರುವುದಿಲ್ಲ. ಯಾರ ಮೇಲೂ ರೇಗಬೇಕಾಗಿಲ್ಲ.

ನಾನೂ ಮಾಡಿ ನೋಡಿದೆ. ನಮ್ಮ ಹೈಸ್ಕೂಲಿನ ಮೈದಾನ ಎರೆ ಮಣ್ಣಿನದು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತಿತ್ತು. ಮಳೆ ಬಿದ್ದರೆ ಒಂದೊಂದು ಚಪ್ಪಲಿಗೆ ಅರ್ಧ ಕಿಲೋ ಮಣ್ಣು. ಮೂರು ಕಡೆ ಜಾಲಿ ಗಿಡ. ಇದ್ದಿದ್ದು ಒಂದೇ ಬಾಲು. ಜೋರಾಗಿ ಒದ್ದರೆ ಸೀದಾ ಜಾಲಿ ಮುಳ್ಳಿನೊಳಗೆ ಹೋಗುತ್ತಿತ್ತು. ಆಮೇಲೆ ಹುಡುಗರು ಅದನ್ನು ಕಿವಿಗೆ ಹಿಡಿದು ‘ಸರ, ಉಸ್ಸ್ ಅನ್ನಾಕತ್ಯದ’ ಅಂತ ತರುತ್ತಿದ್ದರು. ಬ್ಲಾಡರ್ ಹೊರಗೆ ತೆಗೆದು ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಪಂಚರ್ ಅಂಗಡಿಗೆ ಹೋಗಬೇಕು. ಅಂಗಡಿಯವನು ತೊಟ್ಟಿಯ ನೀರಲ್ಲಿ ಅದ್ದಿ ಗುಳ್ಳೆ ಹುಡುಕಿ ತೇಪೆ ಹಚ್ಚಿ, ಲೇಸು ಕಟ್ಟಿ ಕೊಡುವ ಹೊತ್ತಿಗೆ ಕತ್ತಲು. ಹೀಗಾಗಿ ಸಣ್ಣ ಸಣ್ಣ ಪಾಸ್ ಕೊಟ್ಟು ಆಡಿಸುವುದು ನನಗೆ ತತ್ವಕ್ಕಿಂತ ಮುಂಚೆ ಖರ್ಚಿನ ವಿಷಯ ಆಗಿತ್ತು ಅನ್ನಿ.

ನಿಯಮ ಮಾಡಿದೆ: ಒಬ್ಬನಿಗೆ ಎರಡೇ ಟಚ್. ಮೂರನೆಯದಕ್ಕೆ ಸೀಟಿ. ಆ ವರ್ಷ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಬಾಲು ಸಿಕ್ಕಿತೆಂದರೆ ಗಿರಗಿರ ತಿರುಗುತ್ತಿದ್ದ, ಅದಕ್ಕೆ ಎಲ್ಲರೂ ಬುಗುರಿ ಅಂತಿದ್ದರು. ಮೊದಲನೇ ದಿನ ಅವನೊಬ್ಬನಿಗೇ ಹತ್ತಿಪ್ಪತ್ತು ಸಲ ಸೀಟಿ ಊದಿರಬೇಕು. ಕೊನೆಗೆ ಸಿಟ್ಟು ಬಂದು ಕೇಳಿದ, ‘ಸರ, ನಾವೇನು ಪೋಸ್ಟ್‌ಮ್ಯಾನ್ ಏನ್ರೀ? ಇವನಿಂದ ಇಸ್ಕೊಂಡು ಅವನಿಗೆ ಕೊಡಾಕ?’ ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎರಡು ದಿನ ಅವನು ಮೈದಾನಕ್ಕೇ ಬರಲಿಲ್ಲ. ಮೂರನೇ ದಿನ ಬಂದ. ಬಂದವನು ಬಾಲಿಗಿಂತ ಮುಂಚೆ ತಲೆ ಎತ್ತಿ ಆಕಡೆ ಈಕಡೆ ನೋಡಲು ಶುರು ಮಾಡಿದ. ಎರಡೇ ಟಚ್ ಇದೆ ಅಂದರೆ ಬಾಲು ಬರುವ ಮುಂಚೆಯೇ ಯಾರಿಗೆ ಕೊಡಬೇಕು ಅಂತ ನೋಡಿಟ್ಟುಕೊಳ್ಳಬೇಕು, ಅಲ್ವಾ? ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಿಯಮವೇ ಹೇಳಿಕೊಟ್ಟಿತು.

ಆ ವರ್ಷ ತಾಲ್ಲೂಕು ಗೆದ್ದೆವು. ಜಿಲ್ಲಾ ಮಟ್ಟದಲ್ಲಿ 3–0 ಸೋತೆವು. ಸುಮ್ನೆ ಕೊಚ್ಚಿಕೊಂಡ ಅನ್ನಬಾರದು ಅಂತ ಸೋತಿದ್ದನ್ನೂ ಬರೆದಿದ್ದೇನೆ.

ರಹೀಮ್ ಸಾಹೇಬರು ಸೋತಿದ್ದು ಇದಕ್ಕಿಂತ ದೊಡ್ಡ ಸೋಲು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಮೇಲೆ 1–0 ಗೆದ್ದು ಚಿನ್ನ ತಂದರು. ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10–1 ಹೊಡೆಯಿತು. ಹತ್ತು ಗೋಲು! ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅದಾದ ಮೇಲೆ ಬೂಟು ಕಡ್ಡಾಯ ಆಯಿತು. ಈಗಿನ ಕಾಲ ಆಗಿದ್ದರೆ ವಿಮಾನ ಇಳಿಯುವುದರೊಳಗೆ ಕೋಚ್‌ನ ಕೆಲಸ ಹೋಗಿರುತ್ತಿತ್ತು. ಆಗ ಅವರನ್ನೇ ಉಳಿಸಿಕೊಂಡರು. ನಾಲ್ಕು ವರ್ಷ ಬಿಟ್ಟು 1956ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ಮುಂಬೈನ ನೆವಿಲ್ ಡಿಸೋಜಾ ಒಬ್ಬನೇ ಮೂರು ಹೊಡೆದ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ನಮ್ಮದೇ. ಆಮೇಲೆ 4–1ಕ್ಕೆ ಸೋತರು, ಕೊನೆಗೆ ನಾಲ್ಕನೇ ಸ್ಥಾನ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ಈ ಹೆಸರನ್ನು ನಿಮ್ಮ ಕ್ರೀಡಾ ಪುಟದಲ್ಲಿ ನೋಡಿ ಎಷ್ಟು ವರ್ಷವಾಯಿತೋ ನನಗೆ ನೆನಪಿಲ್ಲ.

1960ರ ರೋಮ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಫ್ರಾನ್ಸ್ ಜೊತೆ 1–1 ಡ್ರಾ, ಉಳಿದ ಎರಡರಲ್ಲಿ ಸೋಲು. ಒಂದು ಮಾತು ಮಾತ್ರ. ಆ ತಂಡದಲ್ಲಿ ರಹೀಮ್ ಸಾಹೇಬರ ಸ್ವಂತ ಮಗ ಹಕೀಮ್ ಇದ್ದ. ಒಂದೂ ಪಂದ್ಯಕ್ಕೆ ಅವನನ್ನು ಇಳಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಮಗ ಏನು ಮಾತಾಡಿಕೊಂಡರೋ ಪಾಪ.

ಈಗ ಜಕಾರ್ತಾ, 1962ರ ಏಷ್ಯನ್ ಗೇಮ್ಸ್.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2–0ಯಿಂದ ಸೋಲಿಸಿತು. ಆಮೇಲೆ ಥಾಯ್ಲೆಂಡ್ ಮೇಲೆ 4–1 ಗೆಲುವು. ಆದರೆ ಆ ಪಂದ್ಯದಲ್ಲಿ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡ, ಹೊಲಿಗೆ ಬಿತ್ತು. ಜರ್ನೈಲ್ ಅಂದರೆ ಪಂಜಾಬಿನ ಆಳು. ಡಿಫೆನ್ಸ್ ನಡುವೆ ನಿಲ್ಲುವ ಸ್ಟಾಪರ್, ಗೋಡೆ ಇದ್ದ ಹಾಗೆ. ಜಪಾನ್ ಮೇಲಿನ ಪಂದ್ಯ ಅವನಿಲ್ಲದೇ 2–0 ಗೆದ್ದರು. ಅವನ ಜಾಗದಲ್ಲಿ ಅರುಣ್ ಘೋಷ್ ಚೆನ್ನಾಗಿಯೇ ನಿಂತುಕೊಂಡಿದ್ದ. ಮುಂದೆ ದಕ್ಷಿಣ ವಿಯೆಟ್ನಾಂ ಜೊತೆ ಸೆಮಿಫೈನಲ್.

ನೀವೇ ಯೋಚನೆ ಮಾಡಿ. ತಂಡದ ಅತಿ ಗಟ್ಟಿ ಆಟಗಾರ, ತಲೆಗೆ ಪಟ್ಟಿ. ಸ್ಟಾಪರ್‌ನ ಕೆಲಸವೇ ಮೇಲಿಂದ ಬರುವ ಬಾಲಿಗೆ ತಲೆ ಕೊಡುವುದು. ಅವನನ್ನು ಹಿಂದೆ ನಿಲ್ಲಿಸಿದರೆ ಹೊಲಿಗೆ ಬಿಚ್ಚಿಕೊಳ್ಳುವ ಭಯ, ಜೊತೆಗೆ ಚೆನ್ನಾಗಿ ಆಡುತ್ತಿರುವ ಘೋಷ್‌ನನ್ನು ತೆಗೆಯಬೇಕು. ಕೂರಿಸಿದರೆ ಅಂಥ ಆಟಗಾರ ಬೆಂಚಿನ ಮೇಲೆ. ನಾನಾಗಿದ್ದರೆ ಎರಡರಲ್ಲಿ ಒಂದು ಮಾಡುತ್ತಿದ್ದೆ. ರಹೀಮ್ ಸಾಹೇಬರು ಮೂರನೆಯದು ಮಾಡಿದರು. ಅವನನ್ನು ಸೆಂಟರ್ ಫಾರ್ವರ್ಡ್ ಮಾಡಿ ಮುಂದೆ ನಿಲ್ಲಿಸಿದರು!

ಕೇಳಿದರೆ ಹುಚ್ಚು ಅನ್ನಿಸುತ್ತದೆ. ಆದರೆ ಜರ್ನೈಲ್ ಕಾಲೇಜಿನಲ್ಲಿ ಓದುವಾಗ ಫಾರ್ವರ್ಡ್ ಆಗಿ ಆಡಿದವನು. ಕಲ್ಕತ್ತಾಕ್ಕೆ ಬಂದು ಹೆಸರು ಮಾಡಿದ ಮೇಲೆ ಎಲ್ಲರಿಗೂ ಅವನು ಸ್ಟಾಪರ್, ಅಷ್ಟೇ. ಅದಕ್ಕಿಂತ ಹಿಂದಿನದು ಯಾರಿಗೆ ಬೇಕಿತ್ತು? ಸೆಮಿಫೈನಲ್‌ನಲ್ಲಿ ಚುನಿ ಗೋಸ್ವಾಮಿ ಎರಡು ಗೋಲು ಹೊಡೆದ, ಜರ್ನೈಲ್ ಒಂದು. 3–2. ಒಂದೇ ಗೋಲಿನಲ್ಲಿ ಗೆದ್ದರು.

ಫೈನಲ್ ಸೆಪ್ಟೆಂಬರ್ 4ರಂದು, ಸೆನಾಯನ್ ಸ್ಟೇಡಿಯಂನಲ್ಲಿ. ಮತ್ತೆ ದಕ್ಷಿಣ ಕೊರಿಯಾ. ಸುಮಾರು ಒಂದು ಲಕ್ಷ ಜನ, ಬಹುತೇಕ ಎಲ್ಲರೂ ನಮ್ಮ ವಿರುದ್ಧ. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೊನೇಷ್ಯಾ ಒಳಗೆ ಬಿಡಲಿಲ್ಲ ಅಂತ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಲ್ಲಿದ್ದ ನಮ್ಮವರೇ ಆದ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ದರು. ಅದರ ಸಿಟ್ಟು ಹಿಂದಿನ ದಿನ ಭಾರತದ ರಾಯಭಾರ ಕಚೇರಿಯ ಮೇಲೆ ಹೋಗಿತ್ತು. ಸ್ಟೇಡಿಯಂಗೆ ಹೋಗುವಾಗ ಪೇಟ ನೋಡಿ ಜನ ಗುರುತು ಹಿಡಿಯಬಾರದು ಅಂತ ಜರ್ನೈಲ್‌ನನ್ನು ಬಸ್ಸಿನಲ್ಲಿ ಕೆಳಗೆ ಕೂರಿಸಿಕೊಂಡು ಹೋಗಿದ್ದೆವು ಅಂತ ಜೊತೆಗಿದ್ದವರು ಆಮೇಲೆ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ನಮ್ಮ ಪರವಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಅಂತಲೂ ಅವರೇ ಹೇಳಿದ್ದು. ಅಪ್ಪನಿಗೆ ಈ ಮಾತು ಬಹಳ ಇಷ್ಟ. ಪಾಕಿಸ್ತಾನದ ಜೊತೆ ಏನೇ ಜಗಳ ಆದರೂ ಇದನ್ನು ತೆಗೆಯುತ್ತಿದ್ದರು.

ಗೋಲ್‌ಕೀಪರ್ ವಿಷಯದಲ್ಲೂ ಒಂದು ತೀರ್ಮಾನ ಇತ್ತು. ಪೀಟರ್ ತಂಗರಾಜ್‌ಗೆ ಜ್ವರ. ಗಟ್ಟಿಮುಟ್ಟಾಗಿದ್ದ ಬರ್ಮನ್ ಕೂಡ ತಂಡದಲ್ಲಿದ್ದ. ಆದರೂ ಫೈನಲ್‌ಗೆ ತಂಗರಾಜ್‌ನನ್ನೇ ಇಳಿಸಿದರು. ಎತ್ತರದ ಆಳು, ಅನುಭವಸ್ಥ. ಅವನಿಗೆ ಮೈ ಬಿಸಿ ಇದ್ದರೂ ಕೈ ಮೇಲೆತ್ತಿದರೆ ಸಾಕು ಅಂತ ಲೆಕ್ಕ ಹಾಕಿದರೋ ಏನೋ. ಹೀಗೆ ಹೊಲಿಗೆ ಹಾಕಿದ ತಲೆಯವನು ಮುಂದೆ, ಜ್ವರದವನು ಹಿಂದೆ. ಸೋತಿದ್ದರೆ ಪತ್ರಿಕೆಯವರು ಬಿಡುತ್ತಿದ್ದಿರಾ?

17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು. 20ನೇ ನಿಮಿಷದಲ್ಲಿ ಜರ್ನೈಲ್ ಗೋಲು. ಕೊರಿಯಾದವರು ಒಂದು ಹೊಡೆದರು, ಆದರೆ ಅಷ್ಟೊತ್ತಿಗೆ 85 ನಿಮಿಷ ಆಗಿತ್ತು. 2–1. ಮೊದಲ ಪಂದ್ಯದಲ್ಲಿ ಸೋಲಿಸಿದವರನ್ನೇ ಕೊನೆಯಲ್ಲಿ ಸೋಲಿಸಿ ಚಿನ್ನ ತಗೊಂಡರು.

ಫೈನಲ್‌ಗೆ ಮುಂಚೆ ರಹೀಮ್ ಸಾಹೇಬರು ಹುಡುಗರ ಹತ್ತಿರ ನನಗೊಂದು ಉಡುಗೊರೆ ಬೇಕು, ನಾಳೆ ಚಿನ್ನ ಗೆದ್ದು ಕೊಡಿ ಅಂತ ಕೇಳಿದರಂತೆ. ಅವರಿಗೆ ಆಗ ಶ್ವಾಸಕೋಶದ ಕ್ಯಾನ್ಸರ್. ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು ತೀರಿಕೊಂಡರು. ವಯಸ್ಸು 53. ಅವರ ಬಗ್ಗೆ ಯಾರೇ ಮಾತಾಡಿದರೂ ಈ ಉಡುಗೊರೆ ಮಾತನ್ನೇ ಎತ್ತುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ನಿಜ. ಆದರೆ ನನಗೆ ಕೇಳಿದರೆ ದೊಡ್ಡ ವಿಷಯ ಅದಲ್ಲ. ಒಳ್ಳೆಯ ಮಾತು ಯಾರು ಬೇಕಾದರೂ ಆಡಬಹುದು. ತಲೆಗೆ ಪಟ್ಟಿ ಕಟ್ಟಿಕೊಂಡು ಕೂತವನನ್ನು ನೋಡಿ ‘ಇವನು ಕಾಲೇಜಿನಲ್ಲಿ ಏನು ಆಡುತ್ತಿದ್ದ’ ಅನ್ನುವುದು ಸಮಯಕ್ಕೆ ಸರಿಯಾಗಿ ತಲೆಗೆ ಬರಬೇಕಲ್ಲ, ಅದು ಕಷ್ಟ. ಅದಕ್ಕೆ ಮಾಸ್ತರ ಕಣ್ಣು ಬೇಕು.

ಎಲ್ಲ ಮಾಸ್ತರಿಗೂ ಅದು ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ನನ್ನದೇ ಹೇಳುತ್ತೇನೆ. ಪಕ್ಕದ ತಾಂಡಾದಿಂದ ಒಬ್ಬ ಹುಡುಗ ಬರುತ್ತಿದ್ದ. ಉದ್ದಕ್ಕೆ, ದಪ್ಪಕ್ಕೆ ಇದ್ದ. ಮಾತು ಕಡಿಮೆ. ನೋಡಿದ ಕೂಡಲೇ ಫುಲ್ ಬ್ಯಾಕ್ ಅಂತ ತೀರ್ಮಾನ ಮಾಡಿ ಹಿಂದೆ ನಿಲ್ಲಿಸಿದೆ. ಎರಡು ವರ್ಷ ಅಲ್ಲೇ ನಿಂತ. ತಪ್ಪು ಮಾಡಲಿಲ್ಲ, ಹೆಸರೂ ಮಾಡಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ನಾನು ಬೈಕಿನಲ್ಲಿ ತಾಂಡಾ ದಾಟಿ ಹೋಗುತ್ತಿದ್ದೆ. ಅಲ್ಲಿ ಹುಡುಗರು ಬಟ್ಟೆ ತುಂಬಿದ ಚೆಂಡಿನಲ್ಲಿ ಆಡುತ್ತಿದ್ದರು. ಬೈಕ್ ನಿಲ್ಲಿಸಿದೆ. ಇವನು ಮುಂದೆ ಆಡುತ್ತಿದ್ದ. ಬರಿಗಾಲಲ್ಲಿ, ಎರಡೂ ಕಾಲಲ್ಲಿ. ನಾನು ನಿಂತಿದ್ದ ಐದು ನಿಮಿಷದಲ್ಲಿ ಎರಡು ಗೋಲು ಹೊಡೆದ. ನನ್ನನ್ನು ನೋಡಿ ನಾಚಿಕೊಂಡು ಆಟ ಬಿಟ್ಟು ಬಂದ. ‘ಏನಪ್ಪಾ, ಹಿಂಗ ಆಡ್ತೀಯಂತ ನನಗ ಹೇಳಲೇ ಇಲ್ಲಲ್ಲೋ’ ಅಂದೆ. ಅವನು ನೆಲ ನೋಡುತ್ತಾ, ‘ನೀವು ಕೇಳಿಲ್ಲಲ್ರೀ ಸರ’ ಅಂದ.

ಆ ಜೂನ್‌ನಲ್ಲಿ ಮನೆಯವರ ಜೊತೆ ಗುಳೆ ಹೋದ. ಪುಣೆ ಕಡೆ ಕಟ್ಟಡ ಕೆಲಸಕ್ಕೆ ಅಂತ ಕೇಳಿದೆ. ಮತ್ತೆ ನೋಡಿಲ್ಲ.

ಸೊಸೆಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ನಿನ್ನ ಕೈಕೆಳಗೆ ಹನ್ನೊಂದು ಜನ ಇದ್ದಾರಲ್ಲಮ್ಮಾ, ನಿನ್ನ ಟೀಮಿಗೆ ಬರೋ ಮುಂಚೆ ಅವರೆಲ್ಲ ಏನೇನು ಮಾಡ್ತಿದ್ರು ಗೊತ್ತಾ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಎಣಿಸುತ್ತಿದ್ದಳು ಅನ್ನಿಸುತ್ತದೆ. ‘ನಾಲ್ಕು ಜನರದ್ದು ಗೊತ್ತು ಮಾಮಾ’ ಅಂದಳು. ಪರವಾಗಿಲ್ಲ, ನನಗಿಂತ ಮೇಲು.

ಸಂಪಾದಕರೇ, ಇನ್ನೊಂದು ವಿಷಯ ಬರೆದು ಮುಗಿಸುತ್ತೇನೆ. ನಾಯಕತ್ವದ ಬಗ್ಗೆ ಪುಟಗಟ್ಟಲೆ ಹಾಕುತ್ತೀರಿ, ಒಳ್ಳೆಯದು. ಆದರೆ ಹುಡುಗರನ್ನು ಹತ್ತಿರದಿಂದ ನೋಡಬೇಕಾದ ಪಿ.ಇ. ಪಿರಿಯಡ್ ಎಷ್ಟೋ ಶಾಲೆಗಳಲ್ಲಿ ಟೈಮ್‌ಟೇಬಲ್‌ನಲ್ಲಿ ಮಾತ್ರ ಇದೆ. ಜನವರಿ ಬಂತೆಂದರೆ ಅದು ಗಣಿತದವರ ಪಾಲು. ನನ್ನ ಪಿರಿಯಡ್‌ಗಳನ್ನೂ ಹೀಗೇ ಎಷ್ಟೋ ಸಲ ಬಿಟ್ಟುಕೊಟ್ಟಿದ್ದೇನೆ, ಗೊಣಗಿಕೊಂಡು. ಗಣಿತದ ಸರ್ ಒಳ್ಳೆಯವರು, ಅವರದ್ದೇನೂ ತಪ್ಪಿಲ್ಲ. ಆದರೆ ಯಾವ ಹುಡುಗ ಎಡಗಾಲಿನವನು ಅಂತ ಲೆಕ್ಕದ ಕ್ಲಾಸಿನಲ್ಲಿ ಗೊತ್ತಾಗುವುದಿಲ್ಲ.

ಪುರವಣಿಯಲ್ಲಿ ಯಾವತ್ತಾದರೂ ಜಾಗ ಉಳಿದರೆ 1962ರ ತಂಡದ ಫೋಟೊ ಹಾಕಿ. ಹಾಕುವಾಗ ಕೆಳಗೆ ಎಲ್ಲರ ಹೆಸರೂ ಇರಲಿ, ರಿಸರ್ವ್‌ನಲ್ಲಿದ್ದವರದ್ದೂ. ಚುನಿ, ಪಿ.ಕೆ., ಬಲರಾಮ್ ಈ ಮೂವರ ಹೆಸರು ಎಲ್ಲರೂ ಹಾಕುತ್ತಾರೆ. ಜಕಾರ್ತಾಕ್ಕೆ ಹೋದವರಲ್ಲಿ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು. ಆ ಹೆಸರನ್ನು ಒಂದೊಂದೇ ಅಕ್ಷರ ನೋಡಿಕೊಂಡು ಅಚ್ಚು ಹಾಕಿಸಿ. ನಿಮ್ಮ ಕ್ರೀಡಾ ಪುಟದಲ್ಲಿ ಈಚೆಗೆ ಮುದ್ರಾರಾಕ್ಷಸನ ಕಾಟ ಸ್ವಲ್ಪ ಜಾಸ್ತಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ರಾಯಚೂರು ಜಿಲ್ಲೆ